ಮಡಗು, ಬೇಕಾಯ್ತದೆ

ನಾಳೆ ಬೆಳಿಗ್ಗೆ ಪ್ರಳಯವಾಗಿ ಭೂಮಿಯೆಲ್ಲ ಕೊಚ್ಚಿಹೋಯಿತು ಎಂದಿಟ್ಟುಕೊಳ್ಳಿ. ಬ್ರಹ್ಮದೇವರು ಮತ್ತೆ ಸೃಷ್ಟಿಗೆ ಕೂರಬೇಕಾದರೆ ಸಾಮಾನಿಗಾಗಿ ಎಲ್ಲೂ ಅಲೆಯಬೇಕಾಗಿಲ್ಲ. ಊಟಿ ಬಸ್ಸು ಹತ್ತಿ, ಗುಂಡ್ಲುಪೇಟೆಯಲ್ಲಿ ಇಳಿದು, ನನ್ನ ಹೆಂಡತಿಯ ತಂದೆಯ ಅಟ್ಟ ಹತ್ತಿದರೆ ಸಾಕು. ಪ್ರಳಯದಲ್ಲಿ ಅಟ್ಟವೂ ಹೋಗಿರುವುದಿಲ್ಲವೇ ಎಂದು ಕೇಳಬೇಡಿ. ಅದರ ಮೇಲೆ ಇರುವ ಭಾರಕ್ಕೆ ಅದು ಯಾವ ನೀರಿಗೂ ಅಲುಗುವುದಿಲ್ಲ!

ಅಟ್ಟದಲ್ಲಿ ಏನಿದೆ ಎಂದು ಹೇಳುವುದಕ್ಕಿಂತ ಏನಿಲ್ಲ ಎಂದು ಹೇಳುವುದು ಸುಲಭ. ಹಿಡಿಯಿಲ್ಲದ ಕೊಡೆಯಿದೆ, ಕೊಡೆಯಿಲ್ಲದ ಹಿಡಿಯಿದೆ. ಅವೆರಡೂ ಒಂದಕ್ಕೊಂದು ಹೊಂದುವುದಿಲ್ಲ, ಆ ಮಾತು ಬೇರೆ. ಹೊಟ್ಟೆಯೊಳಗೆ ಏನೂ ಇಲ್ಲದ ರೇಡಿಯೋ ಇದೆ. ಬಲಗಾಲಿನದೊಂದು ಚಪ್ಪಲಿಯಿದೆ. ಅದರ ಜೋಡಿ ಯಾವುದೋ ಕಾಲದಲ್ಲಿ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದಾಗ ಕಳೆದುಹೋಯಿತಂತೆ. ಮತ್ತೆ ಇದನ್ನೇಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದರೆ, ನಾಳೆ ಅದು ಸಿಕ್ಕಿದರೆ ಇದಕ್ಕೆಲ್ಲಿಗೆ ಹೋಗುವುದು ಎಂದು ನನ್ನನ್ನೇ ಕೇಳಿದರು.

ನಮ್ಮ ಸೀಮೆಯಲ್ಲಿ ಇಡು ಎನ್ನುವುದಕ್ಕೆ 'ಮಡಗು' ಎನ್ನುತ್ತಾರೆ, ಇಟ್ಟುಕೊಳ್ಳಿ ಎನ್ನುವುದಕ್ಕೆ 'ಮಡಿಕ್ಕಳಿ'. ಎಲ್ಲರೂ ಆಡುವ ಮಾತೇ. ಆದರೆ ಮಾವನ ಬಾಯಲ್ಲಿ ಅದು ಬರೀ ಮಾತಲ್ಲ, ಮಂತ್ರ! ಮನೆಯಲ್ಲಿ ಯಾರಾದರೂ ಏನನ್ನಾದರೂ ಬಿಸಾಡಲು ಕೈಯೆತ್ತಿದರೆ ಸಾಕು, ಅವರು ಹೊಲದಲ್ಲಿರಲಿ, ನಿದ್ದೆಯಲ್ಲಿರಲಿ, ಪೂಜೆಯಲ್ಲಿರಲಿ, "ಮಡಗು, ಬೇಕಾಯ್ತದೆ" ಎಂಬ ದನಿ ಕೇಳಿಬರುತ್ತದೆ. ಊರವರು ಬೆನ್ನ ಹಿಂದೆ ಅವರನ್ನು ಮಡಗಪ್ಪ ಎಂದೇ ಕರೆಯುತ್ತಿದ್ದರು. ಒಂದು ದಿನ ಅದು ಅವರ ಕಿವಿಗೂ ಬಿತ್ತು. ಬೇಜಾರೇನೂ ಮಾಡಿಕೊಳ್ಳಲಿಲ್ಲ. ಜನ ಕೊಟ್ಟ ಹೆಸರಲ್ಲವೇ, ಬಿಸಾಡುವುದೇಕೆಂದು ಅದನ್ನೂ ಇಟ್ಟುಕೊಂಡರು.

ಜಿಪುಣರು ಅಂದುಬಿಡೋಣ ಎಂದರೆ ಅದೂ ಆಗುವುದಿಲ್ಲ. ಬಾವಿಯಿತ್ತು, ಅರಿಶಿನ ಬೆಳೆಯುತ್ತಿತ್ತು, ಹೊಲದ ಚೆಂಡುಹೂವು ಕೇರಳದ ಲಾರಿಗಳನ್ನು ಹತ್ತಿ ಘಾಟಿ ಇಳಿಯುತ್ತಿತ್ತು. ಮನೆಗೆ ಬಂದವರಿಗೆ ತುಪ್ಪ ಬಡಿಸುವಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಬೆರಳಿನ ಸಂದಿಯಲ್ಲಿ ಸುರಿಯುತ್ತಿದ್ದರು. ಆದರೆ ಊಟ ಮುಗಿದ ಮೇಲೆ ಆ ಎಲೆಯನ್ನು ಬಿಡುತ್ತಿರಲಿಲ್ಲ. ನೀವು ಕೈ ತೊಳೆದು ಬರುವಷ್ಟರಲ್ಲಿ ಅದು ಹಸುವಿನ ಬಾಯಲ್ಲಿರುತ್ತಿತ್ತು. ತುಪ್ಪ ಹತ್ತಿದ ಎಲೆ ತಿಂದು ತಿಂದು ಆ ಹಸುವಿಗೆ ಬೇರೆ ಹುಲ್ಲು ರುಚಿಸದಂತಾಗಿತ್ತು ಎಂದು ಅತ್ತೆ ಹೇಳುತ್ತಿದ್ದರು.

ನನಗೆ ಇದರ ಮೊದಲ ಪೆಟ್ಟು ಬಿದ್ದದ್ದು ನನ್ನ ಮದುವೆಯ ದಿನವೇ. ನನ್ನ ಹೆಂಡತಿ ಮೂರನೆಯ ಮಗಳು. ಎರಡನೆಯ ಮಗಳ ಮದುವೆಯಲ್ಲಿ ಛತ್ರದ ಬಾಗಿಲಿಗೆ ಅಂಟಿಸಿದ್ದ ವರನ ಹೆಸರಿನ ಥರ್ಮೋಕೋಲ್ ಅಕ್ಷರಗಳನ್ನು ಮಾವ ಅಟ್ಟದಲ್ಲಿ ಮಡಗಿದ್ದರು. ನನ್ನ ದುರದೃಷ್ಟಕ್ಕೆ ನನ್ನ ಷಡ್ಡಕನ ಹೆಸರಿಗೂ ನನ್ನ ಹೆಸರಿಗೂ ಮೊದಲ ಅಕ್ಷರವೊಂದೇ ವ್ಯತ್ಯಾಸ. ಒಂದು ಅಕ್ಷರಕ್ಕೋಸ್ಕರ ಹೊಸದು ಕೊರೆಸುವುದೇ? ಮಾವ ಆ ಜಾಗಕ್ಕೆ ಚೆಂಡುಹೂವಿನ ಗೊಂಚಲೊಂದನ್ನು ಸಿಕ್ಕಿಸಿದರು. ಬಂದವರಲ್ಲಿ ಅರ್ಧ ಜನ ನನ್ನನ್ನು ತಲೆಯಿಲ್ಲದ ಹೆಸರಿನಿಂದ ಕರೆದರು. ಇನ್ನರ್ಧ ಜನ ಹಳೆಯ ಮದುವೆಯ ನೆನಪಿನಲ್ಲಿ ಷಡ್ಡಕನ ಹೆಸರು ಹಿಡಿದೇ ಅಕ್ಷತೆ ಹಾಕಿ ಹರಸಿದರು. ಆ ಆಶೀರ್ವಾದಗಳೆಲ್ಲ ನೆಟ್ಟಗೆ ಅವನಿಗೇ ಹೋಗಿ ಮುಟ್ಟಿರಬೇಕು. ಆ ವರ್ಷವೇ ಅವನಿಗೆ ಪ್ರಮೋಷನ್ ಸಿಕ್ಕಿತು!

ಆಗ ಚಾಮರಾಜನಗರ ಜಿಲ್ಲೆಯಾಗಿ ಸ್ವಲ್ಪವೇ ಕಾಲವಾಗಿತ್ತು. ನಾನು ಅಲ್ಲಿನ ಕಚೇರಿಯೊಂದರಲ್ಲಿ ಗುಮಾಸ್ತ. ನಿನ್ನೆಯವರೆಗೆ ನಾವೂ ತಾಲ್ಲೂಕು, ಗುಂಡ್ಲುಪೇಟೆಯವರೂ ತಾಲ್ಲೂಕು. ಒಂದು ಸರ್ಕಾರಿ ಆದೇಶ ಬಂದದ್ದೇ ತಡ, ನಾವೆಲ್ಲ ಜಿಲ್ಲಾ ಕೇಂದ್ರದವರಾಗಿಬಿಟ್ಟೆವು. ರಸ್ತೆಯ ಗುಂಡಿ ಅಲ್ಲೇ ಇತ್ತು, ಆದರೆ ಅದೀಗ ಜಿಲ್ಲಾ ಮಟ್ಟದ ಗುಂಡಿ. ಹೀಗೆ ಜಿಲ್ಲಾ ಮಟ್ಟದ ಅಳಿಯನಾದ ನನಗೆ ತಾಲ್ಲೂಕು ಮಟ್ಟದ ಮಾವನ ಕಡೆಯಿಂದ ಒಂದಿಷ್ಟು ಮರ್ಯಾದೆ ಸಿಗಬೇಕೆಂಬ ಆಸೆ ಇದ್ದದ್ದು ತಪ್ಪೇ?

ಮದುವೆಯ ನಂತರದ ಮೊದಲ ಮಾರ್ನಮಿಗೆ ಮಾವ ಮತ್ತು ಅತ್ತೆ ನಮ್ಮ ಮನೆಗೆ ಬಂದರು. ಆಯುಧಪೂಜೆಯ ದಿನ ನಿಮಗೆ ಗೊತ್ತೇ ಇದೆ. ಸೈಕಲ್ಲಿನಿಂದ ಹಿಡಿದು ಲಾರಿಯವರೆಗೆ ಗಾಲಿ ಇರುವುದಕ್ಕೆಲ್ಲ ಕುಂಕುಮ ಬಳಿದು, ಬೂದುಗುಂಬಳಕಾಯಿ ನಿವಾಳಿಸಿ ನಡುರಸ್ತೆಯಲ್ಲಿ ಒಡೆಯುತ್ತಾರೆ. ಸಂಜೆಯ ಹೊತ್ತಿಗೆ ಊರಿನ ರಸ್ತೆಯ ಮೇಲೆ ನಡೆಯುವ ಹಾಗಿಲ್ಲ, ಬರೀ ಜಾರುವ ಹಾಗೆ. ನಮ್ಮ ಕಚೇರಿಯ ಹಿರಿಯ ಗುಮಾಸ್ತರೊಬ್ಬರು ತಮ್ಮ ಮೊಪೆಡ್ಡಿಗೆ ಯಾವ ಅಪಘಾತವೂ ಆಗದಿರಲೆಂದು ದೊಡ್ಡ ಕುಂಬಳಕಾಯಿ ತಂದು ಒಡೆದು, ಹತ್ತಿ ಹೊರಟು, ಅದೇ ಕುಂಬಳಕಾಯಿಯ ಮೇಲೆ ಜಾರಿ ಮೊಣಕಾಲು ಕಿತ್ತುಕೊಂಡರು. ದೃಷ್ಟಿ ನಿವಾಳಿಸದಿದ್ದರೆ ಇನ್ನೇನಾಗುತ್ತಿತ್ತೋ ಎಂದು ಸಮಾಧಾನವನ್ನೂ ಪಟ್ಟರು.

ಮಾವ ತಿರುಗಾಡಿ ಬರುತ್ತೇನೆಂದು ಹೋದವರು ಹೆಗಲ ಮೇಲೆ ಗೋಣಿಚೀಲ ಹೊತ್ತು ಬಂದರು. ಅಂಗಳದಲ್ಲಿ ಸುರುವಿದರೆ ಏನು? ಕುಂಬಳಕಾಯಿ ಹೋಳುಗಳು! ಬಜಾರಿನದು, ಲಾರಿ ಸ್ಟ್ಯಾಂಡಿನದು, ನಮ್ಮ ಬೀದಿಯದು. ಒಳಗೆ ಕುಂಕುಮ, ಹೊರಗೆ ಮಣ್ಣು. ನಮ್ಮ ಅಮ್ಮ ಬಾಗಿಲಲ್ಲೇ ಕಂಬದಂತೆ ನಿಂತಳು. ದೃಷ್ಟಿ ತೆಗೆದದ್ದನ್ನು ದಾಟುವುದಕ್ಕೂ ಹೆದರುವವಳು ಅವಳು.

"ಏನ್ ಬೀಗರೇ ಇದು, ಊರೋರ ಕೆಟ್ಟ ಕಣ್ಣನ್ನೆಲ್ಲ ಮೂಟೆ ಕಟ್ಕಂಡು ನಮ್ಮನೆಗೆ ತಂದ್ರಲ್ಲ" ಎಂದಳು.

ಮಾವ ಹೋಳಿನ ಕುಂಕುಮವನ್ನು ಒರೆಸುತ್ತ, "ಕಣ್ಣು ಅಲ್ಲೇ ರೋಡ್ನಲ್ಲಿ ಒಡೆದೋಯ್ತು ಕಣ್ರವ್ವ. ಇದು ಬರೀ ಕುಂಬ್ಳಕಾಯಿ. ದನಕ್ಕೆ ಬೇಕಾಯ್ತದೆ" ಎಂದರು.

ತರ್ಕದಲ್ಲಿ ಅಮ್ಮ ಸೋತಳು. ಆದರೆ ಅಮ್ಮ ಸೋತ ತರ್ಕವನ್ನು ಮರೆಯುವ ಪೈಕಿಯವಳಲ್ಲ. ಎದುರು ಮನೆಯವರು ಕಿಟಕಿಯಿಂದ ನೋಡುತ್ತಿದ್ದರು. ಅವರ ಹಸು ಬಂದು ಆ ಹೋಳುಗಳನ್ನು ತಿನ್ನುತ್ತಿತ್ತು. ತಮ್ಮ ಹಸುವಿಗೆ ದೃಷ್ಟಿ ತಾಗಿತೆಂದು ಅವರು ಇನ್ನೊಂದು ಕುಂಬಳಕಾಯಿ ತಂದು ಹಸುವಿಗೆ ನಿವಾಳಿಸಿ ಒಡೆದರು. ಮಾವ ಸುಮ್ಮನೆ ಚೀಲ ಹಿಡಿದು ಎದುರು ಮನೆಗೆ ಹೋದರು!

ಮಾರನೆಯ ದಿನ ಸಂಜೆ ಅವರನ್ನು ಮನೆಯಲ್ಲಿ ಬಿಟ್ಟರೆ ಇನ್ನೇನು ತರುತ್ತಾರೋ ಎಂದು ಒಂದು ಭಾಷಣಕ್ಕೆ ಕರೆದುಕೊಂಡು ಹೋದೆ. ಜಿಲ್ಲಾ ಕೇಂದ್ರವಾದ ಮೇಲೆ ನಮ್ಮೂರಲ್ಲಿ ಭಾಷಣಗಳಿಗೇನೂ ಬರವಿರಲಿಲ್ಲ. ಅವತ್ತಿನ ವಿಷಯ 'ಪರಿಸರ ಉಳಿಸುವ ಹಬ್ಬಕ್ಕೆ ಸರಳ ಉಪಾಯಗಳು'. ವೇದಿಕೆಯ ಮೇಲೆ ಥರ್ಮೋಕೋಲಿನಲ್ಲಿ ಕೊರೆದ ಹಸಿರು ಮರ. ಅತಿಥಿಗಳಿಗೆಲ್ಲ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹೂಗುಚ್ಛ, ಪ್ಲಾಸ್ಟಿಕ್ ಲೋಟದಲ್ಲಿ ಕಾಫಿ. ಮೈಸೂರಿನಿಂದ ಕಾರಿನಲ್ಲಿ ಒಬ್ಬರೇ ಬಂದಿದ್ದ ಭಾಷಣಕಾರರು, ಇಬ್ಬಿಬ್ಬರು ಒಂದೇ ವಾಹನದಲ್ಲಿ ಹೋಗಬೇಕೆಂದು ಕರೆಕೊಟ್ಟರು. ಹಬ್ಬದಲ್ಲಿ ಕಾಗದ ಉಳಿಸಿ ಎಂದು ಅಚ್ಚು ಹಾಕಿಸಿದ್ದ ಕರಪತ್ರವನ್ನು ಎಲ್ಲರಿಗೂ ಹಂಚಿದರು. ಒಬ್ಬೊಬ್ಬರಿಗೆ ಎರಡೆರಡು.

ಮಾವ ಭಾಷಣವಿಡೀ ನಿದ್ದೆ ಮಾಡಿದರು. ವಂದನಾರ್ಪಣೆ ಮುಗಿದದ್ದೇ ಎದ್ದು, ಕುರ್ಚಿಗಳ ಕೆಳಗೆ ಬಿದ್ದಿದ್ದ ಲೋಟಗಳನ್ನೆಲ್ಲ ಒಂದರೊಳಗೊಂದು ಪೇರಿಸಿಕೊಂಡರು. ಚೆಂಡುಹೂವಿನ ಸಸಿ ಹಾಕುವುದಕ್ಕೇ ಇರಬೇಕು ಎಂದುಕೊಂಡೆ. ಆಮೇಲೆ ಭಾಷಣಕಾರರ ಹತ್ತಿರ ಹೋಗಿ, ಕರಪತ್ರ ಇನ್ನೂ ಇದ್ದರೆ ಬೇಕಿತ್ತು ಎಂದು ಕೈಮುಗಿದರು. ತಮ್ಮ ಮಾತು ಒಬ್ಬ ರೈತನ ಹೃದಯ ಮುಟ್ಟಿತಲ್ಲ ಎಂದು ಆ ಪುಣ್ಯಾತ್ಮನ ಕಣ್ಣಂಚು ಒದ್ದೆಯಾಯಿತು. ಉಳಿದ ಕಟ್ಟನ್ನು ಪೂರ್ತಿ ಮಾವನ ತೋಳಿಗೆ ಹಾಕಿ, ಹಳ್ಳಿ ಹಳ್ಳಿಗೂ ಮುಟ್ಟಿಸಿ ಎಂದರು. ಮಾವ ಹೂಗುಚ್ಛದ ಪ್ಲಾಸ್ಟಿಕ್ಕನ್ನೂ ಕೇಳಿ ಪಡೆದರು. ಆ ಕರಪತ್ರಗಳು ಎಲ್ಲಿಗೆ ಮುಟ್ಟಿದವು ಎಂಬುದು ಮುಂದೆ ಬರುತ್ತದೆ.

ಬೀಗರು ಊರಿಗೆ ಹೋದ ಮೇಲೆ ಅಮ್ಮ ಬಾಯಿ ಬಿಟ್ಟಳು. ಮೊದಲನೇ ದೀಪಾವಳಿಗೆ ಅಳಿಯನನ್ನು ಕರೆದು ಎಣ್ಣೆ ನೀರು ಹಾಕಿ, ಹೊಸ ಬಟ್ಟೆ ಉಡಿಸಿ, ಉಂಗುರವೋ ವಾಚೋ ಹಾಕಿ ಕಳಿಸುವುದು ನಮ್ಮಲ್ಲಿನ ವಾಡಿಕೆ. "ನಿಮ್ಮಾವ ಏನ ಕೊಟ್ಟಾರು ಅಂತ ನೋಡೇಬುಡ್ತೀನಿ. ರೋಡ್ನಲ್ಲಿ ಸಿಕ್ಕಿದ್ದೇನಾರ ಕೊಟ್ಟು ಕಳಿಸಿದ್ರೋ, ಆಗ ನಾನು ಸುಮ್ನಿರಕ್ಕಿಲ್ಲ" ಎಂದಳು. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಸದ್ದು ನಿಂತಿತು. ಸುಮ್ಮನಿರುವುದಿಲ್ಲ ಎಂದರೆ ಅದು ನನಗೆ ಹೇಳಿದ್ದಲ್ಲ ಎಂಬುದು ನನಗೂ ಗೊತ್ತಿತ್ತು, ಒಳಗಿದ್ದವಳಿಗೂ ಗೊತ್ತಿತ್ತು. ಹೊಸದಾಗಿ ಬಂದ ಸೊಸೆಗೆ ತವರಿನ ಹೆಸರಿನಲ್ಲಿ ಬೀಳುವ ಮಾತು ಒಂದು ದಿನಕ್ಕೆ ಮುಗಿಯುವಂಥದಲ್ಲ.

ಕಚೇರಿಯಲ್ಲಿ ನನ್ನ ಸ್ಥಿತಿ ಇನ್ನೂ ಸೊಗಸು. ಮಾವ ಕೈಗಡಿಯಾರ ಕೊಡಿಸುವುದು ಖಂಡಿತವೆಂದು ನಾನೇ ಬೊಗಳೆ ಬಿಟ್ಟಿದ್ದೆ. ಹಬ್ಬಕ್ಕೆ ಮುಂಚಿನಿಂದಲೇ ಎಡಗೈ ಮಣಿಕಟ್ಟನ್ನು ಖಾಲಿ ಬಿಟ್ಟುಕೊಂಡು ಓಡಾಡುತ್ತಿದ್ದೆ.

ಗುಂಡ್ಲುಪೇಟೆಯ ಬಸ್ಸಿನಲ್ಲಿ ಹೆಂಡತಿ ಕಿಟಕಿಯಿಂದಾಚೆಗೆ ನೋಡುತ್ತಿದ್ದಳು. ರಸ್ತೆಯ ಎರಡೂ ಕಡೆ ಕಡೆಯ ಕೊಯ್ಲಿನ ಚೆಂಡುಹೂವು. ತೆರಕಣಾಂಬಿ ದಾಟಿದ ಮೇಲೆ ಬಾಯಿ ಬಿಟ್ಟಳು. "ನಮ್ಮಪ್ಪ ಏನ ಕೊಟ್ರೂ ಸೈ, ಕೊಡ್ದಿದ್ರೂ ಸೈ. ಅವರ ಮುಂದೆ ನಗಬೇಡಿ, ಅಷ್ಟೇಯ" ಎಂದಳು. ನಗುವುದಿಲ್ಲವೆಂದು ಮಾತು ಕೊಟ್ಟೆ. ಅದು ಎಷ್ಟು ಕಷ್ಟದ ಮಾತೆಂದು ಆಗ ಗೊತ್ತಿರಲಿಲ್ಲ.

ಮನೆ ಸೇರಿದ ಕೂಡಲೇ ಪರೀಕ್ಷೆ ಶುರು. ನಾನು ಒಂದು ಕ್ಯಾರಿಬ್ಯಾಗಿನಲ್ಲಿ ಸಿಹಿತಿಂಡಿಯ ಡಬ್ಬವನ್ನೂ ಇನ್ನೊಂದರಲ್ಲಿ ಪಟಾಕಿಯನ್ನೂ ತಂದಿದ್ದೆ. ಆಗ ಕ್ಯಾರಿಬ್ಯಾಗು ಹಿಡಿದು ನಡೆಯುವುದೇ ಒಂದು ಗತ್ತು. ಮಾವ ಗೌರವದಿಂದ ಎರಡನ್ನೂ ಇಸಿದುಕೊಂಡರು. ಬ್ಯಾಗುಗಳನ್ನು ತೊಳೆದು ಹಿತ್ತಲಿನ ತಂತಿಯ ಮೇಲೆ ಒಣಗಹಾಕಿದರು. ಅಲ್ಲಿ ಆಗಲೇ ಒಂದು ಸಾಲು ಕ್ಯಾರಿಬ್ಯಾಗುಗಳು ಗಾಳಿಗೆ ಹೊಟ್ಟೆ ಉಬ್ಬಿಸಿಕೊಂಡು ತೂಗುತ್ತಿದ್ದವು. ಬಳಿಕ ತಿಂಡಿಯ ಡಬ್ಬಕ್ಕೆ ಕಟ್ಟಿದ್ದ ದಾರದ ಗಂಟನ್ನು ಬಿಚ್ಚಲು ಕುಳಿತರು. ಕತ್ತರಿಸುವಂತಿಲ್ಲ, ದಾರ ಬೇಕಾಗುತ್ತದೆ! ಅಂಗಡಿಯವನು ಯಾವ ಜನ್ಮದ ಸಿಟ್ಟಿಗೋ ಬಿಗಿದು ಕಟ್ಟಿದ್ದ. ಮನೆಮಂದಿಯೆಲ್ಲ ಸುತ್ತ ಕುಳಿತು ಬಾಯಲ್ಲಿ ನೀರು ತುಂಬಿಕೊಂಡು ಕಾದೆವು. ಉಗುರಾಯಿತು, ಹಲ್ಲಾಯಿತು, ದಬ್ಬಣವಾಯಿತು. ಗಂಟು ಬಿಚ್ಚಿಕೊಂಡಾಗ ಮೈಸೂರುಪಾಕು ಗಟ್ಟಿಯಾಗಿ, ಅದನ್ನು ಮುರಿಯಲು ಮತ್ತೆ ದಬ್ಬಣವೇ ಬೇಕಾಯಿತು.

ಸಂಜೆ ಪಕ್ಕದ ಮನೆಯವರು ಸೀರಿಯಲ್ ಸೆಟ್ಟು ಹಾಕಿ ಮನೆಯನ್ನು ಲಾಡ್ಜಿನಂತೆ ಮಿನುಗಿಸಿದರು. ನಮ್ಮಲ್ಲಿ ಮಾವನ ತಾತನ ಕಾಲದ ಮಣ್ಣಿನ ಹಣತೆ, ಹರಳೆಣ್ಣೆ, ಹಳೇ ಪಂಚೆ ಹರಿದು ಹೊಸೆದ ಬತ್ತಿ. ನನಗೆ ನಾಚಿಕೆಯಾಗುವಷ್ಟರಲ್ಲಿ ಕರೆಂಟು ಹೋಯಿತು. ಬೀದಿಗೆಲ್ಲ ಬೆಳಕಿದ್ದದ್ದು ನಮ್ಮ ಮನೆಯೊಂದರಲ್ಲೇ. ಪಕ್ಕದವರು ಬಂದು ಹಣತೆ ಸಾಲ ಕೇಳಿದರು. ಮಾವ ಕೊಟ್ಟರು, ದೀಪ ಆರಿದ ಮೇಲೆ ಹಣತೆ ವಾಪಸು ಬರಬೇಕೆಂದು ಹೇಳಿಯೇ ಕೊಟ್ಟರು.

ಇನ್ನು ಪಟಾಕಿ. ನಾನು ತಂದ ಪಟಾಕಿ ಅಟ್ಟ ಸೇರಿತು. ಬದಲಿಗೆ ಅಟ್ಟದಿಂದ ಹಳೆಯ ಪಟಾಕಿ ಇಳಿಯಿತು. ಈ ವರ್ಷ ಬಂದದ್ದನ್ನು ಬರುವ ವರ್ಷಕ್ಕೆ ಮಡಗುವುದು ಆ ಮನೆಯ ಪದ್ಧತಿಯಂತೆ. ನಾನು ಹಚ್ಚಿದ ಲಕ್ಷ್ಮೀ ಪಟಾಕಿ ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ಆಟಂಬಾಂಬು ಆ ನಿಟ್ಟುಸಿರನ್ನೂ ಬಿಡಲಿಲ್ಲ. ಹೊಗೆಯಿಲ್ಲ, ಸದ್ದಿಲ್ಲ. ಮೈಸೂರಿನ ಭಾಷಣಕಾರರು ನೋಡಿದ್ದರೆ ಮಾವನನ್ನು ಅಪ್ಪಿಕೊಳ್ಳುತ್ತಿದ್ದರು.

ಮಾರನೆಯ ಬೆಳಿಗ್ಗೆ ಎಣ್ಣೆ ನೀರು. ಹಿಂದಿನ ಸಂಜೆಯೇ ಹಂಡೆಗೆ ಸುಣ್ಣ ಬಣ್ಣ ಬಳಿದು, ಹಾಗಲಬಳ್ಳಿ ಸುತ್ತಿ ನೀರು ತುಂಬಿದ್ದರು. ಒಲೆಯ ಮುಂದೆ ಮಾವ ಕುಳಿತಿದ್ದರು. ಒಲೆಗೆ ಏನು ಹಾಕುತ್ತಿದ್ದರು ಅಂತೀರಿ? ತೆಂಗಿನ ಮಟ್ಟೆ, ಜೋಳದ ದಿಂಡು, ನಡುನಡುವೆ 'ಪರಿಸರ ಉಳಿಸುವ ಹಬ್ಬಕ್ಕೆ ಸರಳ ಉಪಾಯಗಳು'! ಒಂದೊಂದು ಉಪಾಯವೂ ಭಗ್ಗೆಂದು ಉರಿಯುತ್ತಿತ್ತು. ಆ ಭಾಷಣದಿಂದ ಲೋಕಕ್ಕೆ ಒಂದು ಹಂಡೆ ಬಿಸಿನೀರು ಸಿಕ್ಕಿದ್ದಂತೂ ಸುಳ್ಳಲ್ಲ. ಬೇರೆ ಎಷ್ಟೋ ಭಾಷಣಗಳಿಂದ ಅಷ್ಟೂ ಸಿಕ್ಕಿಲ್ಲ.

ಮಾವನ ಅಕ್ಕ ಸಂತೆಮರಹಳ್ಳಿಯಿಂದ ಹಬ್ಬಕ್ಕೆ ಬಂದಿದ್ದರು. ಎಲ್ಲರೂ ದೊಡ್ಡತ್ತೆ ಎನ್ನುತ್ತಿದ್ದ ಆ ಮುದುಕಿ ನನ್ನ ನೆತ್ತಿಗೆ ಎಣ್ಣೆ ಒತ್ತಿ ಬಚ್ಚಲಿಗೆ ಕಳಿಸಿದರು. ಬಚ್ಚಲೆಂದರೆ ಹಿತ್ತಲಿನಲ್ಲಿ ತಡಿಕೆ ಕಟ್ಟಿದ ಒಂದು ಕಲ್ಲುಚಪ್ಪಡಿ. ನಾನು ಸೀಗೆಪುಡಿಯ ಉರಿಗೆ ಕಣ್ಣು ಮುಚ್ಚಿಕೊಂಡು, ಜಿಲ್ಲಾ ಮಟ್ಟದ ಅಳಿಯನಿಗೆ ತಕ್ಕ ಗಾಂಭೀರ್ಯದಲ್ಲಿ ನೀರು ಹೊಯ್ದುಕೊಳ್ಳುತ್ತಿದ್ದೆ. ತಡಿಕೆಯ ಆಚೆಯಿಂದ ಮಾವನ ದನಿ ಬಂತು.

"ಅಳಿಯಂದ್ರೆ, ಬೇಜಾರಾಗ್ಬೇಡಿ, ವಸಿ ಎಡಕ್ಕೆ ಸರ್ಕಂಡು ನಿಂತ್ಕಳಿ. ನಿಂಬೆ ಗಿಡಕ್ಕೆ ನೀರು ಓಯ್ತಿಲ್ಲ."

ಸರಿದು ನಿಂತೆ. ನಿಂಬೆಗೆ ಸಾಕೆನಿಸಿದ ಮೇಲೆ ಬಾಳೆಗಾಗಿ ಬಲಕ್ಕೆ ಸರಿಸಿದರು. ಅಳಿಯನ ಎಣ್ಣೆ ಸ್ನಾನದಲ್ಲಿ ಹಿತ್ತಲೆಲ್ಲ ನೀರುಂಡಿತು. ನನ್ನ ಮೈಯ ಎಣ್ಣೆ ಮಾತ್ರ ಅರ್ಧ ಹಾಗೇ ಉಳಿಯಿತು. ಹೆಂಡತಿಗೆ ಕೊಟ್ಟ ಮಾತು ನೆನಪಾಗಿ ನಗಲಿಲ್ಲ. ನಿಜ ಹೇಳಬೇಕೆಂದರೆ ನಗು ಬರುವ ಸ್ಥಿತಿಯೂ ಇರಲಿಲ್ಲ.

ಆಮೇಲೆ ಬಂತು ನೋಡಿ, ನಾನು ಕಾದಿದ್ದ ಗಳಿಗೆ. ಹಸೆಯ ಮೇಲೆ ಕೂರಿಸಿ ಮಾವ ಒಂದು ತಟ್ಟೆ ತಂದು ಮುಂದಿಟ್ಟರು. ಉಂಗುರವಿರಲಿಲ್ಲ. ವಾಚಿರಲಿಲ್ಲ. ಎಲೆ ಅಡಿಕೆ, ಹೂವು, ಒಂದು ಪಂಚೆ. ಪಂಚೆಯಿಂದ ಬೇವಿನಸೊಪ್ಪಿನ ವಾಸನೆ ಹೊಡೆಯುತ್ತಿತ್ತು. ಮಡಿಕೆಯ ಗೆರೆಗಳು ಕಂದಾಗಿದ್ದವು. ಬಿಚ್ಚಿದರೆ ನಡುವೆ ಅಂಗೈಯಗಲದ ಮಾಸಲು ಹಳದಿ ಕಲೆ.

"ನನ್ನ ಮದ್ವೇದು. ಧಾರೆ ದಿವ್ಸ ಒಂದ್ಸಲ ಉಟ್ಟಿದ್ದು. ಮಡಗಿದ್ದೆ" ಎಂದರು ಮಾವ.

ಅವತ್ತು ಕೊಟ್ಟಿಗೆಯ ಎತ್ತುಗಳಿಗೂ ಹೊಸ ಮೂಗುದಾರ ಹಾಕಿದ್ದರು ಸ್ವಾಮಿ! ಹಸುವಿಗೆ ಹೊಸ ಗೆಜ್ಜೆ. ಆ ಮನೆಯಲ್ಲಿ ಹಳೆಯದು ಸಿಕ್ಕಿದ್ದು ಅಳಿಯನಿಗೊಬ್ಬನಿಗೆ. ಪಂಚೆಯನ್ನು ತಟ್ಟೆಯಲ್ಲೇ ಬಿಟ್ಟು, ಹೊಟ್ಟೆ ಸರಿಯಿಲ್ಲವೆಂದು ಹೇಳಿ ಎದ್ದೆ. ಮಾವ ಪಂಚೆಯನ್ನು ಹಳೆಯ ಮಡಿಕೆಯ ಮೇಲೆಯೇ ನಿಧಾನವಾಗಿ ಮಡಿಚಿದರು.

ಹೆಂಡತಿ ನನ್ನ ಹಿಂದೆಯೇ ಕೋಣೆಗೆ ಬಂದಳು. ಮಧ್ಯಾಹ್ನದ ಬಸ್ಸಿಗೆ ಹೊರಡೋಣ ಎಂದೆ. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಬ್ಯಾಗು ತೆಗೆದು ಬಟ್ಟೆ ತುಂಬತೊಡಗಿದಳು. "ಹೋಗನ. ನಿಮ್ಮವ್ವಾರಿಗೆ ನಾನೇ ಹೇಳ್ತೀನಿ, ನಮ್ಮಪ್ಪ ಹಳೇದ ಕೊಟ್ರು ಅಂತ. ನೀವು ಕಷ್ಟಪಡ್ಬೇಡಿ" ಎಂದಳು. ಆ ತಣ್ಣಗಿನ ಮಾತಿಗಿಂತ ಎರಡು ಬೈಗುಳ ಬೈದಿದ್ದರೆ ನನಗೆ ಆರಾಮವಿತ್ತು.

ಕಜ್ಜಾಯದ ವಾಸನೆ ಬರುತ್ತಿತ್ತು. ಹೊಟ್ಟೆ ಸರಿಯಿಲ್ಲವೆಂದು ಹೇಳಿದವನು ಅಡುಗೆಮನೆಯ ಕಡೆ ಹೋಗುವ ಹಾಗಿಲ್ಲ. ಮುನಿಸಿಕೊಳ್ಳುವಾಗ ಬೇರೆ ನೆಪ ಹುಡುಕಬೇಕಿತ್ತು. ಹಿತ್ತಲಿಗೆ ಬಂದು ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತೆ. ದೊಡ್ಡತ್ತೆ ಅಲ್ಲೇ ಹೂ ಬಿಡಿಸುತ್ತಿದ್ದರು. ಸೆರಗಿನ ಮರೆಯಿಂದ ಒಂದು ಕಜ್ಜಾಯ ತೆಗೆದು ನನ್ನ ಕೈಗಿಟ್ಟರು. ಹೊಟ್ಟೆನೋವಿನ ಬಗ್ಗೆ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬೇರೆ ಅಳಿಯಂದಿರಿಗೂ ಹಳೆಯದನ್ನೇ ಕೊಟ್ಟರೇ ಎಂದು ಕೊನೆಗೂ ಕೇಳಿಬಿಟ್ಟೆ. ಇಲ್ಲ, ಆ ಇಬ್ಬರಿಗೂ ಮೈಸೂರಿಗೆ ಹೋಗಿ ಹೊಸ ಬಟ್ಟೆ ತಂದ ಎಂದರು ದೊಡ್ಡತ್ತೆ. ಕಚ್ಚಿದ ಕಜ್ಜಾಯವನ್ನು ಕಟ್ಟೆಯ ಮೇಲಿಟ್ಟೆ. ಅವರು ಹೂವಿನಿಂದ ತಲೆಯೆತ್ತದೆ ಮುಂದುವರಿಸಿದರು.

ದೊಡ್ಡತ್ತೆಗೆ ಮಕ್ಕಳಾಗಿರಲಿಲ್ಲ. ತಮ್ಮನಿಗೆ ಎರಡು ಹೆಣ್ಣಾಗಿ ಹೆಂಡತಿ ಮತ್ತೆ ಬಸುರಿಯಾದಾಗ, ಇದೂ ಹೆಣ್ಣಾದರೆ ಅಕ್ಕನಿಗೆ ಕೊಟ್ಟುಬಿಡುವುದೆಂದು ಹಿರಿಯರು ಮಾತಾಡಿದರು. ಮಾವ ಒಪ್ಪಿದರು. ತಮ್ಮ ಬಾಯಿಂದಲೇ ಮಾತು ಕೊಟ್ಟರು. ಹೆಣ್ಣೇ ಆಯಿತು. ಮಗುವಿಗೆ ಮೊದಲು ಹಳೇ ಬಟ್ಟೆಯನ್ನೇ ಸುತ್ತಬೇಕಲ್ಲ, ಕೈಗೆ ಸಿಕ್ಕಿದ ಮಾವನ ಮದುವೆಯ ಪಂಚೆಯಲ್ಲಿ ಸುತ್ತಿದರು. ಬಾಣಂತನ ಮುಗಿದ ಮೇಲೆ, ದೀಪಾವಳಿಗೆ ಬಂದ ದೊಡ್ಡತ್ತೆ ಅದೇ ಪಂಚೆಯ ಸಮೇತ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಗಾಡಿ ಹತ್ತಿದರು.

"ಗಾಡಿ ಬೀದಿ ತಿರುಗ್ತಿತ್ತು ಕಣಪ್ಪ. ಓಡ್ಕಂಡು ಬಂದು ನೊಗ ಇಡ್ಕಂಡ. 'ಮಡಗಕ್ಕ, ನಂಗೆ ಬೇಕು' ಅಂದ. ಅಷ್ಟೇ ಅಂದಿದ್ದು."

ಒಂದು ಚೆಂಡುಹೂವನ್ನು ಬಿಡಿಸಿ ಮುಗಿಸಿ ಇನ್ನೊಂದನ್ನು ಕೈಗೆತ್ತಿಕೊಂಡರು. ಬರಿ ಮಡಿಲಲ್ಲಿ ಊರಿಗೆ ಹೋದವರು ಎಷ್ಟೋ ಕಾಲ ತಮ್ಮನ ಮುಖ ನೋಡಲಿಲ್ಲವಂತೆ. ಆಮೇಲೆ ಅವರೇ ಸೋತು ಬಂದರಂತೆ.

"ಅಲ್ಲೀಗಂಟ ಅವ್ನೂ ಎಲ್ರಂಗೇ ಇದ್ದ. ಅವತ್ತಿಂದ ಯಾರು ಏನ ಬಿಸಾಕಕ್ಕೋದ್ರೂ ಮಡಗು ಅಂತನೆ. ಒಂದ ಕಳ್ಕಳಕ್ಕೆ ಒಪ್ಕಂಡು ಎದೆ ಸುಟ್ಕಂಡವ್ನೆ ಕಣಪ್ಪ, ಇನ್ನೇನ ಬುಟ್ಟಾನು? ಆ ಪಂಚೆನೂ ಇವಳ ಗಂಡಂಗೇ ಅಂತ ಮಡಗಿದ್ದ" ಎಂದರು.

ಇದು ಅವಳಿಗೆ ಗೊತ್ತೇ ಎಂದು ಕೇಳಿದೆ. ಗೊತ್ತು, ಅದಕ್ಕೇ ಅಪ್ಪನನ್ನು ಕಂಡು ಯಾರಾದರೂ ನಕ್ಕರೆ ಅವಳು ಸಹಿಸುವುದಿಲ್ಲ ಎಂದರು.

ಒಳಗೆ ಹೋದೆ. ತಟ್ಟೆ ಹಸೆಯ ಪಕ್ಕದಲ್ಲೇ ಇತ್ತು. ಪಂಚೆ ಉಟ್ಟು ಹೊರಗೆ ಬಂದೆ. ಆ ಕಲೆ ಧಾರೆಯ ಅರಿಶಿನವಲ್ಲವೆಂದು ಈಗ ನನಗೆ ಹೊಳೆದಿತ್ತು. ಎಷ್ಟು ಒಗೆದರೂ ಹೋಗದ ಆ ಕಲೆ ನನ್ನ ಹೆಂಡತಿ ತನ್ನ ಅಪ್ಪನಿಗೆ ಕೊಟ್ಟ ಮೊದಲ ಕಾಣಿಕೆ! ಜಗುಲಿಯ ಮೇಲೆ ಮಾವ ಹಳೆಯ ಪಟಾಕಿಯ ಇನ್ನೊಂದು ಡಬ್ಬದ ದಾರದ ಗಂಟು ಬಿಚ್ಚುತ್ತಿದ್ದರು. ನನ್ನನ್ನು ನೋಡಿದರು. ವಸಿ ಗಿಡ್ಡ ಆಯಿತು ಎಂದರು. ಮತ್ತೆ ಗಂಟಿನ ಮೇಲೆ ಬಗ್ಗಿದರು, ಆದರೆ ಬೆರಳುಗಳು ಬಹಳ ಹೊತ್ತು ಗಂಟನ್ನು ಹುಡುಕುತ್ತಲೇ ಇದ್ದವು. ಕೋಣೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಬ್ಯಾಗಿನಿಂದ ಬಟ್ಟೆಗಳನ್ನು ಹೊರಗೆ ತೆಗೆಯಲು ಹೋದಳು. ನಾನು ಅವತ್ತು ತಿಂದ ಕಜ್ಜಾಯಕ್ಕೆ ಲೆಕ್ಕವಿಲ್ಲ.

ಹಬ್ಬ ಮುಗಿಸಿ ಊರಿಗೆ ಬಂದ ಮೇಲೆ ಅಮ್ಮ ಪಂಚೆಯನ್ನು ಬಿಚ್ಚಿ, ತಿರುವಿ, ಬೆಳಕಿಗೆ ಹಿಡಿದಳು. ಹೆಂಡತಿ ಬಾಯಿ ತೆರೆಯುವ ಮುಂಚೆ ಕಲೆಯ ಕಥೆಯನ್ನು ನಾನೇ ಹೇಳಿದೆ. ಅಮ್ಮ ಪಂಚೆಯನ್ನು ಮತ್ತೆ ಮಡಿಚಿ, ತನ್ನ ಪೆಟ್ಟಿಗೆಯಲ್ಲಿ ತನ್ನ ಧಾರೆ ಸೀರೆಯ ಮೇಲೆ ಇಟ್ಟಳು. ನಾಳೆ ಮೊಮ್ಮಗುವಿಗೆ ಸುತ್ತಲು ಬೇಕಾಗುತ್ತದೆ ಎಂದಳು. ರೋಗ ಅಂಟಿತ್ತು! ಕೈಗಡಿಯಾರದ ವಿಷಯ ಕೇಳಿದ ಕಚೇರಿಯವರಿಗೆ ರಿಪೇರಿಗೆ ಕೊಟ್ಟಿದ್ದೇನೆ ಎಂದೆ. ಅದು ಇವತ್ತಿಗೂ ರಿಪೇರಿಯಲ್ಲೇ ಇದೆ.

ಆದರೆ ನಾನು ಹೇಳಬೇಕೆಂದಿದ್ದದ್ದು ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ನಡೆದದ್ದು. ಹಬ್ಬ ಮುಗಿದು ಹೊರಟ ದಿನ ಮಾವ ನಮ್ಮನ್ನು ಬಸ್ಸು ಹತ್ತಿಸಲು ಬಂದರು. ಒಣಗಿದ ಕ್ಯಾರಿಬ್ಯಾಗುಗಳಲ್ಲಿ ಅವರೆ, ಅರಿಶಿನದ ಕೊಂಬು, ಸೀಗೆಕಾಯಿ, ತಿಂಡಿಯ ಡಬ್ಬದಲ್ಲಿ ಕಜ್ಜಾಯ, ಡಬ್ಬಕ್ಕೆ ಅದೇ ದಾರ. ಮಾರ್ನಮಿಯ ಕುಂಬಳಕಾಯಿಯ ಬೀಜವೂ ಇತ್ತು, ಅಮ್ಮನ ಹಿತ್ತಲಿಗೆ. ಒಂದೊಂದನ್ನೇ ಕಿಟಕಿಯಿಂದ ಒಳಗೆ ಕೊಟ್ಟರು. ಕಂಡಕ್ಟರು ಇದೇನು ಬಸ್ಸೋ ಸಂತೆಗಾಡಿಯೋ ಎಂದು ಗೊಣಗಿದ. ಅವನ ಕೈಗೂ ಒಂದು ಕಜ್ಜಾಯ ಬಿತ್ತು, ಕಾಗದದಲ್ಲಿ ಸುತ್ತಿ. ಕಾಗದ ಯಾವುದೆಂದು ನಾನು ಹೇಳಬೇಕಾಗಿಲ್ಲ.

ಬಸ್ಸು ಹೊರಟಿತು. ಮಾವ ಕಿಟಕಿಯ ಸರಳು ಹಿಡಿದು ಜೊತೆಗೇ ನಡೆದರು. ಅವತ್ತು ಗಾಡಿಯ ನೊಗ ಹಿಡಿದ ಕೈ ಅದೇ. ಇವತ್ತು ನಿಲ್ಲಿಸಲಿಲ್ಲ.

"ಮಡಿಕ್ಕಳಿ, ಅಳಿಯಂದ್ರೆ" ಎಂದರು.

ಇನ್ನೇನನ್ನೋ ಕೊಡುತ್ತಿದ್ದಾರೆಂದು ನಾನು ಕೈ ಚಾಚಿದೆ. ಅವರ ಕೈಯಲ್ಲಿ ಏನೂ ಇರಲಿಲ್ಲ. ಅವರು ನನ್ನನ್ನಾಗಲಿ ಚೀಲಗಳನ್ನಾಗಲಿ ನೋಡುತ್ತಿರಲಿಲ್ಲ, ನನ್ನ ಪಕ್ಕದಲ್ಲಿ ಕುಳಿತಿದ್ದವಳನ್ನು ನೋಡುತ್ತಿದ್ದರು. ಒಂಟಿ ಚಪ್ಪಲಿಯನ್ನೂ ಬಿಡದ ಮನುಷ್ಯ, ಒಡಹುಟ್ಟಿದ ಅಕ್ಕನಿಗೂ ಕೊಡದಿದ್ದದ್ದನ್ನು ನನಗೆ ಕೊಟ್ಟು ಸರಳಿನಿಂದ ಕೈ ಬಿಟ್ಟರು. ಮಡಿಕ್ಕತೀನಿ ಮಾವ ಎಂದು ನಾನು ಹೇಳುವ ಹೊತ್ತಿಗೆ ಬಸ್ಸು ಚಾಮರಾಜನಗರದ ರಸ್ತೆಗೆ ತಿರುಗಿಬಿಟ್ಟಿತ್ತು.